‘ಗ್ರೇಡ್ 3’ ಅಂತ ಬರೆದರೆ ಯಾವ ಗ್ರೇಡ್ 3? ಬೆಡ್‌ಸೋರ್ ಮತ್ತು ಶುಗರ್ ಕಾಲಿನ ಹುಣ್ಣು ಅಳೆಯುವ ಬಗ್ಗೆ

ವಾರ್ಡ್ ಸಿಸ್ಟರ್, ರಾಯಚೂರು

ಎಲ್ಲರಿಗೂ ನಮಸ್ಕಾರ. ‘ಗ್ರೇಡ್ 3 ಅಲ್ಸರ್, ಬಲಗಾಲು’ ಅಂತ ಇಷ್ಟೇ ಬರೆದ ರೆಫರಲ್ ಚೀಟಿ ಹಿಡಿದು ಬರುವ ಪೇಶೆಂಟ್‌ಗಳ ಬಗ್ಗೆ ಈ ಪ್ರಶ್ನೆ. ಬೆಡ್‌ಸೋರ್ ಲೆಕ್ಕದಲ್ಲಿ 3 ಅಂದರೆ ಚರ್ಮ ಪೂರ್ತಿ ಹೋಗಿ ಕೆಳಗಿನ ಕೊಬ್ಬು ಕಾಣುತ್ತಿದೆ ಅಂತ. ಶುಗರ್ ಕಾಲಿನ ಹುಣ್ಣಿಗೆ ಎರಡು ಪದ್ಧತಿ ಇವೆ, ವ್ಯಾಗ್ನರ್ ಮತ್ತು ಟೆಕ್ಸಾಸ್. ವ್ಯಾಗ್ನರ್ ಲೆಕ್ಕದಲ್ಲಿ 3 ಅಂದರೆ ಆಳದಲ್ಲಿ ಕೀವು ಕಟ್ಟಿದೆ ಅಥವಾ ಮೂಳೆಗೆ ಸೋಂಕು ಹೋಗಿದೆ ಅಂತ. ಟೆಕ್ಸಾಸ್ ಲೆಕ್ಕದಲ್ಲಿ 3 ಅಂದರೆ ಗಾಯ ಮೂಳೆ ಅಥವಾ ಕೀಲಿನ ತನಕ ಇಳಿದಿದೆ. ಸೋಂಕಿದೆಯೋ ಇಲ್ಲವೋ ಅನ್ನುವುದು ಪಕ್ಕದ ಅಕ್ಷರ ನೋಡಿದರೆ ಮಾತ್ರ ಗೊತ್ತಾಗುತ್ತದೆ. ಒಂದಕ್ಕೆ ಡ್ರೆಸ್ಸಿಂಗ್ ಮಾಡಿ ಮಗ್ಗುಲು ಬದಲಿಸುತ್ತಾ ಹೋದರೆ ನಡೆಯುತ್ತದೆ, ಇನ್ನೊಂದಕ್ಕೆ ಅವತ್ತೇ ಆಪರೇಷನ್ ಥಿಯೇಟರ್ ಬೇಕು.

ಎರಡು ಮಾದರಿ ಗಾಯ ಇಡುತ್ತೇನೆ. ನೀವು ಹೇಗೆ ಬರೆಯುತ್ತೀರಿ ಹೇಳಿ.

ಗಾಯ ಒಂದು: ಲಕ್ವ ಹೊಡೆದು ಹಾಸಿಗೆ ಹಿಡಿದವರು, ಹಳೇ ಶುಗರ್, ಎರಡೂ ಪಾದಕ್ಕೆ ಸ್ಪರ್ಶ ಇಲ್ಲ. ಬಲ ಹಿಮ್ಮಡಿಯ ಹಿಂಭಾಗದಲ್ಲಿ 4 × 3 ಸೆಂ.ಮೀ. ಕರೀ ಹಕ್ಕಳೆ. ಒಣಗಿದೆ, ಗಟ್ಟಿಯಾಗಿ ಅಂಟಿಕೊಂಡಿದೆ, ಸುತ್ತ ಕೆಂಪಿಲ್ಲ. ಪಾದದ ನಾಡಿ ಕೈಗೆ ಸಿಗುವುದಿಲ್ಲ.

ಗಾಯ ಎರಡು: ಓಡಾಡುವ ರೈತರು, ಶುಗರ್ ಇದೆ, ಪಾದಕ್ಕೆ ಸ್ಪರ್ಶ ಇಲ್ಲ. ಹೆಬ್ಬೆರಳ ಬುಡದ ಕೆಳಗೆ ಅಂಗಾಲಿನಲ್ಲಿ ದಪ್ಪ ಆಣಿ, ನಡುವೆ ಸಣ್ಣ ತೂತು, ಒತ್ತಿದರೆ ಕೀವು. ಸುತ್ತ 1 ಸೆಂ.ಮೀ. ಕೆಂಪು, ಮುಟ್ಟಿದರೆ ಬಿಸಿ. ನಾಡಿ ಚೆನ್ನಾಗಿ ಸಿಗುತ್ತದೆ.

ಐಸಿಯು ನರ್ಸ್, ಬಳ್ಳಾರಿ

ಗಾಯ ಒಂದಕ್ಕೆ ಅಂಕಿಯನ್ನೇ ಕೊಡುವ ಹಾಗಿಲ್ಲ ಸಿಸ್ಟರ್. ಹಕ್ಕಳೆ ಮುಚ್ಚಿಕೊಂಡು ತಳ ಕಾಣದಿದ್ದರೆ ಅದು ‘ಅನ್‌ಸ್ಟೇಜಬಲ್’. ಒಳಗೆ 3 ಇರಬಹುದು, 4 ಇರಬಹುದು, ಊಹಿಸಿ ಬರೆಯಬಾರದು. ಹಿಮ್ಮಡಿಯ ಮೇಲಿನ ಹಕ್ಕಳೆ ಒಣಗಿ, ಅಂಟಿಕೊಂಡು, ಸುತ್ತ ಕೆಂಪಾಗಲಿ ಒತ್ತಿದಾಗ ತುಳುಕುವುದಾಗಲಿ ಇಲ್ಲದಿದ್ದರೆ ಅದನ್ನು ಕೆತ್ತಿ ತೆಗೆಯಬಾರದು. ನಾಡಿ ಸಿಗದ ಕಾಲಲ್ಲಂತೂ ಖಂಡಿತಾ ಬೇಡ, ದೇಹವೇ ಹಾಕಿಕೊಂಡ ಮುಚ್ಚಳ ಅದು. ದಿನಾ ಅಂಚು ಒತ್ತಿ ನೋಡಿ. ಮೆತ್ತಗಾಯಿತು, ನೀರು ಜಿನುಗಿತು, ವಾಸನೆ ಬಂತು ಅಂದರೆ ಆಗ ಸರ್ಜನ್ ನೋಡಬೇಕು.

ಉಳಿದ ಸ್ಟೇಜುಗಳಲ್ಲಿ ತಪ್ಪು ಎಲ್ಲಿ ಆಗುತ್ತದೆ ಅಂತ ಬರೆಯುತ್ತೇನೆ. 2016ರಲ್ಲಿ ಅಮೆರಿಕದ ಸಲಹಾ ಮಂಡಳಿ ಬೆಡ್‌ಸೋರ್‌ನ ಹೆಸರಾದ ‘ಪ್ರೆಶರ್ ಅಲ್ಸರ್’ ಅನ್ನುವುದನ್ನು ‘ಪ್ರೆಶರ್ ಇಂಜುರಿ’ ಅಂತ ಬದಲಿಸಿತು. 1ನೇ ಸ್ಟೇಜಿನಲ್ಲಿ ಮತ್ತು ಆಳದ ಪೆಟ್ಟಿನಲ್ಲಿ ಚರ್ಮ ಒಡೆದೇ ಇರುವುದಿಲ್ಲ, ಅದನ್ನು ಹುಣ್ಣು ಅನ್ನುವುದು ಹೇಗೆ ಅನ್ನುವುದು ಕಾರಣ.

ಸ್ಟೇಜ್ 1: ಚರ್ಮ ಒಡೆದಿಲ್ಲ, ಆದರೆ ಒತ್ತಿದರೆ ಬಿಳಿಚುವುದಿಲ್ಲ. ಬೆರಳಿನಿಂದ ಮೂರು ಸೆಕೆಂಡ್ ಒತ್ತಿ, ಬಿಟ್ಟು, ನೋಡಬೇಕು. ನಮ್ಮ ಕಡೆಯ ಕಪ್ಪು ಮೈಬಣ್ಣದಲ್ಲಿ ಈ ಬಿಳಿಚುವಿಕೆ ಕಾಣುವುದೇ ಕಷ್ಟ. ಹಾಗಾಗಿ ಮೊದಲು ಪೌಡರ್, ಎಣ್ಣೆ ಒರೆಸಿ ತೆಗೆಯಿರಿ. ಬೆಳಕು ಪಕ್ಕದಿಂದ ಬೀಳಲಿ. ಆಮೇಲೆ ಕೈಯ ಹಿಂಭಾಗದಿಂದ ಆ ಜಾಗ ಮುಟ್ಟಿ, ನಾಲ್ಕು ಬೆರಳು ಆಚೆಯ ಚರ್ಮವನ್ನೂ ಮುಟ್ಟಿ ಹೋಲಿಸಿ. ಬಿಸಿ ಅಥವಾ ತಣ್ಣಗೆ, ಗಟ್ಟಿ ಅಥವಾ ಮೆತ್ತಗೆ, ಮುಟ್ಟಿದಾಗ ನೋವು. ಇವು ಬಣ್ಣಕ್ಕಿಂತ ಮುಂಚೆ ಹೇಳುತ್ತವೆ.

ಸ್ಟೇಜ್ 2: ಮೇಲ್ಚರ್ಮ ಹೋಗಿ ಗುಲಾಬಿ, ಒದ್ದೆ ತಳ ಕಾಣುತ್ತದೆ. ಇಲ್ಲವೇ ತಿಳಿನೀರು ತುಂಬಿದ ಗುಳ್ಳೆ. ಇಲ್ಲಿ ಹಳದಿ ಸ್ಲಫ್ (ಸತ್ತ ಮಾಂಸದ ಪದರ) ಇರುವುದಿಲ್ಲ, ಕೊಬ್ಬು ಕಾಣುವುದಿಲ್ಲ. ಸ್ಲಫ್ ಕಂಡರೆ ಅದು ಸ್ಟೇಜ್ 2 ಅಲ್ಲವೇ ಅಲ್ಲ. ಗುಳ್ಳೆಯಲ್ಲಿ ರಕ್ತ ತುಂಬಿದ್ದರೆ ಆಳದ ಪೆಟ್ಟು ಅಂತ ಯೋಚಿಸಿ.

ಸ್ಟೇಜ್ 3 ಕೊಬ್ಬಿನ ತನಕ. ಸ್ಟೇಜ್ 4 ಸ್ನಾಯು, ಟೆಂಡನ್, ಮೂಳೆ ಕಾಣುತ್ತದೆ ಅಥವಾ ಕೈಗೆ ಸಿಗುತ್ತದೆ. ಕಿವಿ, ಮೂಗಿನ ಸೇತುವೆ, ತಲೆಯ ಹಿಂಭಾಗ, ಕಾಲಿನ ಗುಲ್ಫದ (ಹರಡು ಮೂಳೆಯ) ಮೇಲೆ ಕೊಬ್ಬೇ ಇಲ್ಲ. ಅಲ್ಲಿ ಸ್ಟೇಜ್ 3 ಕೂಡ ತೆಳ್ಳಗೇ ಕಾಣುತ್ತದೆ. ಆಳ ನೋಡಿ ಸ್ಟೇಜ್ ಹೇಳಲು ಹೋದರೆ ಇಲ್ಲೇ ಎಡವುವುದು.

ಆಳದ ಪೆಟ್ಟು, ಅಂದರೆ ಡಿಟಿಐ (ಡೀಪ್ ಟಿಶ್ಯೂ ಇಂಜುರಿ): ಚರ್ಮ ಒಡೆಯದೆ ನೇರಳೆ ಅಥವಾ ಕಡುಗೆಂಪು ಕಲೆ. ಒತ್ತಡ ಬಿದ್ದ 48ರಿಂದ 72 ಗಂಟೆ ನಂತರ ಮೇಲೆ ಕಾಣುತ್ತದೆ. ರಾಯಚೂರಿಂದಲೋ ಬಳ್ಳಾರಿಯಿಂದಲೋ ಬೆಂಗಳೂರಿಗೆ ಆಂಬುಲೆನ್ಸ್‌ನಲ್ಲಿ ಒಂದೇ ಭಂಗಿಯಲ್ಲಿ ಮಲಗಿ ಹೋದವರಿಗೆ ಕಲೆ ಕಾಣುವುದು ಅಲ್ಲಿ ಮೂರನೇ ದಿನ. ಅದಕ್ಕೇ ಅಡ್ಮಿಶನ್ ಹೊತ್ತಿನಲ್ಲೇ ಬೆನ್ನು, ಟೊಂಕ, ಹಿಮ್ಮಡಿ ತಿರುಗಿಸಿ ನೋಡಿ ಬರೆದಿಡುವುದು ಮುಖ್ಯ.

ಇಂಟರ್ನ್, ಬಳ್ಳಾರಿ

ಮೇಡಂ, ಸ್ಟೇಜ್ 4 ವಾಸಿಯಾಗುತ್ತಾ ತುಂಬಿಕೊಂಡು ಬಂದಾಗ ಕೇಸ್‌ಶೀಟಲ್ಲಿ ಸ್ಟೇಜ್ 3, ಆಮೇಲೆ 2 ಅಂತ ಇಳಿಸಿ ಬರೆಯಬಹುದೇ?

ಐಸಿಯು ನರ್ಸ್, ಬಳ್ಳಾರಿ

ಬರೆಯಬಾರದು. ತುಂಬಿಕೊಳ್ಳುವುದು ಹೊಸ ಕೆಂಪು ಮಾಂಸದಿಂದ, ಕಳೆದುಹೋದ ಸ್ನಾಯು, ಕೊಬ್ಬು ವಾಪಸ್ ಹುಟ್ಟುವುದಿಲ್ಲ. ‘ವಾಸಿಯಾಗುತ್ತಿರುವ ಸ್ಟೇಜ್ 4’ ಅಂತಲೇ ಬರೆಯಿರಿ. ಸುಧಾರಣೆ ತೋರಿಸಲು ಪುಶ್ ಸ್ಕೋರ್ ಇದೆ: ಉದ್ದ ಗುಣಿಸು ಅಗಲ, ಜಿನುಗುವ ಪ್ರಮಾಣ, ತಳದ ಮಾಂಸ ಯಾವ ತರಹದ್ದು, ಈ ಮೂರು ಸೇರಿ 0ರಿಂದ 17. ವಾರಕ್ಕೊಮ್ಮೆ ಹಾಕಿ. ಅಂಕ ಇಳಿದರೆ ಗಾಯ ಮಾಯುತ್ತಿದೆ.

ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ), ಕಾರಟಗಿ ಕಡೆ

ನಮ್ಮ ಕಡಿ ಮೊದಲ ತೊಂದರಿ ಬಣ್ಣದ್ದು ನೋಡ್ರಿ. ಗಾಯಕ್ಕ ಅರಿಶಿಣ ಹಚ್ಚಿರ್ತಾರ, ಅದು ಸ್ಲಫ್ ಕಂಡಂಗ ಕಾಣ್ತೈತಿ. ನೀಲಿ ಔಷಧ ಹಚ್ಚಿದ್ರ ಡಿಟಿಐ ಕಂಡಂಗ ಕಾಣ್ತೈತಿ. ಬೆಟಾಡಿನ್ ಒಣಗಿದ್ರ ಹಕ್ಕಳೆ ಅನ್ಸತೈತಿ. ಅದಕ್ಕ ಸಲೈನ್‌ದಿಂದ ತೊಳದು, ಗಾಜ್‌ಲೆ ಒತ್ತಿ ಒರಿಸಿ, ಆಮ್ಯಾಗ ನೋಡಬೇಕ್ರಿ. ತೊಳಿಯೋಕಿಂತ ಮೊದ್ಲು ಗ್ರೇಡ್ ಹಾಕಬ್ಯಾಡ್ರಿ, ಫೋಟೋನೂ ತಗೀಬ್ಯಾಡ್ರಿ.

ಇನ್ನೊಂದು, ಒದ್ದಿಯಿಂದ ಆಗೋ ಹುಣ್ಣು. ಡೈಪರ್ ಹಾಕಿದವರಿಗೆ ತೊಡಿ ಸಂದಿ, ಕುಂಡಿ ಎರಡೂ ಕಡಿ ಕೆಂಪಾಗಿ ಸುಲಕೊಂಡಿರ್ತೈತಿ. ಅದನ್ನ ಸ್ಟೇಜ್ 2 ಅಂತ ಬರದು ಕಳಸ್ತಾರ. ಎಲುಬಿನ ಮ್ಯಾಲ, ಒಂದ ಜಾಗದಾಗ, ಅಂಚು ಸ್ಪಷ್ಟ ಇದ್ರ ಒತ್ತಡದ್ದು. ಹರಡಿಕೊಂಡು, ಅಂಚು ಹರಕುಮುರುಕು ಇದ್ದು, ಒಂದಕ್ಕೊಂದು ತಾಗೋ ಎರಡೂ ಮಗ್ಗಲದಾಗ ಕನ್ನಡಿ ಹಿಡಿದಂಗ ಇದ್ರ ಒದ್ದಿದು. ಅದಕ್ಕ ಸ್ಟೇಜ್ ಇಲ್ಲ. ಪ್ಲಾಸ್ಟರ್ ಕಿತ್ತಾಗ ಚರ್ಮ ಸುಲಿದಿದ್ದಕ್ಕೂ ಸ್ಟೇಜ್ ಇಲ್ರಿ.

ಸರ್ಜನ್, ಬಳ್ಳಾರಿ

ಸಿಎಚ್‌ಒ ಅವರು ಹೇಳಿದ ‘ಮೊದಲು ತೊಳೆಯಿರಿ’ ಅನ್ನುವುದನ್ನು ಶುಗರ್ ಕಾಲಿಗೂ ಹಾಗೇ ಇಟ್ಟುಕೊಳ್ಳಿ. ಅಲ್ಲಿ ತೊಳೆಯುವುದಷ್ಟೇ ಸಾಲದು, ಆಣಿಯನ್ನೂ ಹೆರೆಯಬೇಕು.

ಗಾಯ ಎರಡರ ಮೇಲೆ ಕಾಣುವ ತೂತು 3 ಮಿ.ಮೀ. ಇರಬಹುದು. ಕೆಳಗೆ ಏನಿದೆ ಅನ್ನುವುದು ಆಣಿ ತೆಗೆಯುವವರೆಗೂ ಗೊತ್ತಾಗುವುದಿಲ್ಲ. 10 ಅಥವಾ 15 ನಂಬರ್ ಬ್ಲೇಡನ್ನು ಚರ್ಮಕ್ಕೆ ಹೆಚ್ಚುಕಮ್ಮಿ ಸಮಾಂತರವಾಗಿ ಹಿಡಿದು, ತೆಳ್ಳನೆಯ ಪದರವಾಗಿ ಹೆರೆಯುತ್ತಾ ಬರಬೇಕು. ಮೊದಲು ಗಟ್ಟಿ, ಹಳದಿ, ಉಗುರಿನ ಹಾಗೆ ಬರುತ್ತದೆ. ಆಮೇಲೆ ಬಿಳಿ, ನೆಂದ ಪದರ. ಅದರ ಕೆಳಗೆ ಕಂದು ಬಣ್ಣದ ಒಣರಕ್ತದ ಚುಕ್ಕೆಗಳು ಕಂಡರೆ ಹುಣ್ಣು ಅಲ್ಲೇ ಇದೆ. ಅಂಚು ಪೂರ್ತಿ ಬಿಡಿಸಿದ ಮೇಲೆ 3 ಮಿ.ಮೀ. ಇದ್ದದ್ದು 18 × 12 ಮಿ.ಮೀ. ಆಗಿ ತೆರೆದುಕೊಳ್ಳಬಹುದು. ಅಳತೆ ಆಗ ಮಾಡಬೇಕು. ನಾಡಿ ಸಿಗದ ಕಾಲಲ್ಲಿ ಮಾತ್ರ ಹೆರೆಯುವ ಮುನ್ನ ರಕ್ತ ಹರಿವು ಪರೀಕ್ಷಿಸಿ.

ಆಮೇಲೆ ತುದಿ ಮೊಂಡಾದ, ಸ್ಟೆರೈಲ್ ಮಾಡಿದ ಲೋಹದ ಪ್ರೋಬ್ (ತೆಳ್ಳನೆಯ ಕಡ್ಡಿ) ಮೆಲ್ಲಗೆ ಇಳಿಸಿ. ಮೂಳೆ ಸಿಕ್ಕರೆ ಕೈಗೆ ಗಟ್ಟಿಯಾಗಿ, ಮರಳು ತಾಗಿದ ಹಾಗೆ ಗರಗರ ಅನ್ನಿಸುತ್ತದೆ. ಸೋಂಕಿರುವ ಹುಣ್ಣಿನಲ್ಲಿ ಹೀಗೆ ಸಿಕ್ಕರೆ ಮೂಳೆ ಸೋಂಕಿನ ಸಾಧ್ಯತೆ ಬಹಳ. ಎಕ್ಸ್‌ರೇ ತೆಗೆಸಿ, ರಕ್ತ ಪರೀಕ್ಷೆಯಲ್ಲಿ ಇಎಸ್‌ಆರ್ ನೋಡಿ. 70 ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮೊದಲ ಎಕ್ಸ್‌ರೇ ಸರಿ ಇದ್ದ ಮಾತ್ರಕ್ಕೆ ಕೈಬಿಡಬೇಡಿ. ಮೂಳೆಯ ಬದಲಾವಣೆ ಫಿಲಂನಲ್ಲಿ ಕಾಣಲು ಎರಡು ಮೂರು ವಾರ ಬೇಕು, ಮತ್ತೆ ತೆಗೆಸಿ.

ಇಂಟರ್ನ್, ಬಳ್ಳಾರಿ

ಹಾಗಾದರೆ ಗಾಯ ಎರಡರ ಸೋಂಕು ‘ಮೈಲ್ಡ್’ ಅಲ್ಲವೇ ಸರ್? ಕೆಂಪು 2 ಸೆಂ.ಮೀ. ಒಳಗೇ ಇದೆಯಲ್ಲ.

ಸರ್ಜನ್, ಬಳ್ಳಾರಿ

ಅಲ್ಲ. ಇದೇ ಹೆಚ್ಚು ಜನ ತಪ್ಪುವ ಜಾಗ. ಅಂತರರಾಷ್ಟ್ರೀಯ ಡಯಾಬಿಟಿಕ್ ಫೂಟ್ ಗುಂಪಿನ ಸೋಂಕಿನ ವರ್ಗೀಕರಣದಲ್ಲಿ ಮೊದಲು ಸೋಂಕಿದೆಯೇ ಅಂತ ನಿರ್ಧರಿಸಬೇಕು: ಊತ ಅಥವಾ ಗಟ್ಟಿಯಾಗುವುದು, ಗಾಯದ ಸುತ್ತ ಅರ್ಧ ಸೆಂ.ಮೀ.ಗಿಂತ ಹೆಚ್ಚು ಕೆಂಪು, ನೋವು, ಬಿಸಿ, ಕೀವು, ಇವುಗಳಲ್ಲಿ ಕನಿಷ್ಠ ಎರಡು ಇರಬೇಕು. ಮೈಲ್ಡ್ ಅನ್ನಲು ಎರಡು ಷರತ್ತು ಒಟ್ಟಿಗೇ ಬೇಕು. ಕೆಂಪು 2 ಸೆಂ.ಮೀ.ಗಿಂತ ಕಡಿಮೆ ಇರಬೇಕು, ಮತ್ತು ಸೋಂಕು ಚರ್ಮ ಹಾಗೂ ಅದರ ಕೆಳಗಿನ ಕೊಬ್ಬಿನಲ್ಲೇ ಇರಬೇಕು. ಇಲ್ಲಿ ಪ್ರೋಬ್ ಮೂಳೆಗೆ ತಾಗಿದೆ ಅಂದುಕೊಳ್ಳಿ, ಎಕ್ಸ್‌ರೇಯಲ್ಲೂ ಮೂಳೆ ಸವೆದಿದೆ. ಕೆಂಪು ಎಷ್ಟೇ ಚಿಕ್ಕದಿರಲಿ ಇದು ಮಾಡರೇಟ್, ಅಂದರೆ 3. ಮೂಳೆ ಸೋಂಕಿಗೆ ಮುಂದೆ ‘ಓ’ ಸೇರಿಸಿ 3(ಓ) ಅಂತ ಬರೆಯುತ್ತೇವೆ.

ಸಿವಿಯರ್ ಅನ್ನುವುದು ಮೈಯೆಲ್ಲ ತೋರಿಸುವ ಲಕ್ಷಣದಿಂದ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿರುವುದು ಅಥವಾ 36ಕ್ಕಿಂತ ಕೆಳಗೆ, ನಾಡಿಬಡಿತ 90 ದಾಟಿರುವುದು, ಉಸಿರಾಟ ನಿಮಿಷಕ್ಕೆ 20 ದಾಟಿರುವುದು, ಬಿಳಿಕಣ 12,000 ಮೀರಿರುವುದು ಅಥವಾ 4,000ಕ್ಕಿಂತ ಕಡಿಮೆ, ಇವುಗಳಲ್ಲಿ ಯಾವುದಾದರೂ ಎರಡು. ಥರ್ಮಾಮೀಟರ್, ಗಡಿಯಾರ ಇದ್ದರೆ ಸಬ್‌ಸೆಂಟರ್‌ನಲ್ಲೂ ಮೊದಲ ಮೂರನ್ನು ನೋಡಬಹುದು. ಎರಡು ಸಿಕ್ಕವೋ, ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಿ ಅನ್ನುವ ಹಾಗಿಲ್ಲ, 108ಕ್ಕೆ ಕರೆ ಮಾಡಿ. ಗಾಯದ ಸುತ್ತ ಒತ್ತಿದಾಗ ಚರಚರ ಅಂದರೆ ಒಳಗೆ ಗಾಳಿ ಕೂಡಿದೆ, ಆಗಲೂ ಅಷ್ಟೇ.

ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಬಗ್ಗೆ ಒಂದು ಮಾತು. ತೊಳೆದು, ಸತ್ತ ಮಾಂಸ ತೆಗೆದ ಮೇಲೆ ತಳದಿಂದ ಕೆರೆದ ತುಣುಕು ಕಳಿಸಿ. ಮೇಲೆ ಸವರಿದ ಸ್ವಾಬ್ ಕಳಿಸಿದರೆ ಚರ್ಮದ ಮೇಲೆ ಕೂತಿರುವುದೆಲ್ಲ ಬೆಳೆಯುತ್ತದೆ. ಸೋಂಕಿನ ಲಕ್ಷಣ ಇಲ್ಲದ ಹುಣ್ಣಿಗೆ ಕಲ್ಚರೂ ಬೇಡ, ಆಂಟಿಬಯಾಟಿಕ್ಕೂ ಬೇಡ.

ಫಿಸಿಯೋ, ಸಿಂಧನೂರು

ಸ್ಪರ್ಶ ಪರೀಕ್ಷೆ ಅರ್ಧಂಬರ್ಧ ಆಗುತ್ತಿರುವುದರಿಂದ ವಿವರವಾಗಿ ಬರೆಯುತ್ತೇನೆ.

10 ಗ್ರಾಂ ಮೋನೋಫಿಲಮೆಂಟನ್ನು (ಸ್ಪರ್ಶ ನೋಡುವ ನೈಲಾನ್ ದಾರ) ಮೊದಲು ಪೇಶೆಂಟ್‌ನ ಕೈಗೆ ಅಥವಾ ಹಣೆಗೆ ತಾಗಿಸಿ ಹೇಗಿರುತ್ತದೆ ಅಂತ ತೋರಿಸಿ. ಪಾದ ನೋಡದಂತೆ ಮುಖ ತಿರುಗಿಸಲು ಹೇಳಿ. ಹೆಬ್ಬೆರಳ ಅಡಿ, ಒಂದನೇ ಮತ್ತು ಐದನೇ ಬೆರಳ ಬುಡದ ಮೂಳೆಯ ಅಡಿ, ಈ ಮೂರು ಜಾಗ. ದಾರವನ್ನು ಚರ್ಮಕ್ಕೆ ನೇರವಾಗಿ ಇಟ್ಟು, ಅದು ಬಿಲ್ಲಿನ ಹಾಗೆ ಬಾಗುವಷ್ಟು ಮಾತ್ರ ಒತ್ತಿ. ತಾಗಿಸಿ, ಬಾಗಿಸಿ, ತೆಗೆಯುವುದು ಒಟ್ಟು ಎರಡು ಸೆಕೆಂಡ್. ಎಳೆಯಬಾರದು, ಒಂದೇ ಜಾಗದಲ್ಲಿ ಟಕಟಕ ಅಂತ ಕುಟ್ಟಬಾರದು. ಪ್ರತಿ ಜಾಗಕ್ಕೆ ಮೂರು ಸಲ ಕೇಳಬೇಕು, ಅದರಲ್ಲಿ ಒಂದು ಸಲ ತಾಗಿಸದೇ ‘ಈಗ ಗೊತ್ತಾಯ್ತಾ?’ ಅಂತ ಕೇಳಬೇಕು. ಮೂರರಲ್ಲಿ ಎರಡು ಸರಿಯಿದ್ದರೆ ಸ್ಪರ್ಶ ಇದೆ. ಆಣಿ, ಗಾಯ, ಹಳೇ ಕಲೆಯ ಮೇಲೆ ಇಡಬೇಡಿ, ಆಣಿಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ಬಾಗಿದ್ದು ನೇರವಾಗದೆ ಹಾಗೇ ಉಳಿದ ದಾರ ಎಸೆಯಿರಿ. ಒಂದೇ ದಾರದಲ್ಲಿ ಸತತ ಹತ್ತು ಜನರನ್ನು ನೋಡಿದರೆ ಅದು ಮೆತ್ತಗಾಗುತ್ತದೆ, 24 ಗಂಟೆ ಬಿಡುವು ಕೊಡಿ.

ದಾರ ಇಲ್ಲದಿದ್ದರೆ ಬೆರಳೇ ಸಾಕು. ಎರಡೂ ಕಾಲಿನ ಒಂದು, ಮೂರು, ಐದನೇ ಬೆರಳ ತುದಿಯನ್ನು ತೋರುಬೆರಳಿನಿಂದ ಒಂದೆರಡು ಸೆಕೆಂಡ್ ಹಗುರಾಗಿ ಮುಟ್ಟಿ. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ದರೆ ರಕ್ಷಣೆಯ ಸ್ಪರ್ಶ ಹೋಗಿದೆ ಅಂತ ಲೆಕ್ಕ.

ನಮ್ಮ ಭಾಗದಲ್ಲಿ ಎರಡು ವಿಷಯ ಪ್ರತ್ಯೇಕ ಗಮನಿಸಬೇಕು. ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿ ತೂರಿ ಬರುತ್ತದೆ, ತುದಿ ಮುರಿದು ಒಳಗೇ ಉಳಿಯುತ್ತದೆ. ಸ್ಪರ್ಶ ಇಲ್ಲದವರು ಅದರ ಮೇಲೇ ನಡೆಯುತ್ತಾರೆ. ಮೇಲಿನ ತೂತು ಸಾಸಿವೆಯಷ್ಟು, ಒಳಗೆ ಕೀವು. ಆದ್ದರಿಂದ ಪಾದದ ಜತೆ ಚಪ್ಪಲಿಯನ್ನೂ ತಿರುವಿ ನೋಡಿ, ಅಟ್ಟೆಯಲ್ಲಿ ಮುಳ್ಳು ಚುಚ್ಚಿದ ಜಾಗ ಸಿಕ್ಕರೆ ಅದಕ್ಕೆ ಸರಿಯಾಗಿ ಅಂಗಾಲಲ್ಲಿ ಹುಡುಕಿ. ಎರಡನೆಯದು, ಶುಗರ್ ಇಲ್ಲದವರ ಅಂಗಾಲಲ್ಲಿ ನೋವಿಲ್ಲದ ಹುಣ್ಣು ಕಂಡರೆ ಕುಷ್ಠ ನೆನಪಿರಲಿ. ಸ್ಪರ್ಶವಿಲ್ಲದ ಮಚ್ಚೆ, ದಪ್ಪಗಾದ ನರ ಹುಡುಕಿ. ವ್ಯಾಗ್ನರ್ ಅಂಕಿ ಹಾಕಿಬಿಟ್ಟರೆ ಆ ದಾರಿ ಮುಚ್ಚಿಹೋಗುತ್ತದೆ.

ವಾರ್ಡ್ ಸಿಸ್ಟರ್, ರಾಯಚೂರು

ತುಂಬಾ ಉಪಯೋಗ ಆಯಿತು ಫಿಸಿಯೋ ಅವರೇ. ನಾಡಿಯ ವಿಷಯ ಕೇಳಬೇಕಿತ್ತು. ಎಬಿಐ (ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಅಂಕಿ) 1.5 ಬಂದರೆ ರಕ್ತ ಹರಿವು ‘ತುಂಬಾ ಚೆನ್ನಾಗಿದೆ’ ಅಂತ ಓದುವವರಿದ್ದಾರೆ.

ಸರ್ಜನ್, ಬಳ್ಳಾರಿ

ಅದು ಅಪಾಯದ ಓದು. ಹಳೇ ಶುಗರ್‌ನಲ್ಲಿ ರಕ್ತನಾಳದ ಗೋಡೆಗೆ ಸುಣ್ಣ ಕಟ್ಟಿ ಪೈಪಿನ ಹಾಗೆ ಗಟ್ಟಿಯಾಗುತ್ತದೆ. ಬಿಪಿ ಪಟ್ಟಿಗೆ ಎಷ್ಟು ಗಾಳಿ ತುಂಬಿದರೂ ಅದು ಒತ್ತಿಕೊಳ್ಳುವುದಿಲ್ಲ, ಅಂಕಿ ಮೇಲೇರುತ್ತದೆ. 1.3 ದಾಟಿದರೆ ನಂಬಬೇಡಿ.

ಲೆಕ್ಕ ಸರಳ: ಪಾದದ ಮೇಲಿನ ನಾಡಿ ಮತ್ತು ಗುಲ್ಫದ ಹಿಂದಿನ ನಾಡಿ, ಈ ಎರಡರಲ್ಲಿ ಸಿಕ್ಕ ಹೆಚ್ಚಿನ ಒತ್ತಡವನ್ನು ಎರಡು ತೋಳುಗಳಲ್ಲಿ ಹೆಚ್ಚಿನದರಿಂದ ಭಾಗಿಸಿ. ಕಾಲಲ್ಲಿ 110 ಮತ್ತು 96, ತೋಳಲ್ಲಿ 130 ಇದ್ದರೆ 110 ಭಾಗಿಸು 130, ಅಂದರೆ 0.85. 0.9ಕ್ಕಿಂತ ಕಡಿಮೆ ಇದ್ದರೆ ರಕ್ತನಾಳದ ಕಾಯಿಲೆ ಇದೆ. ಹೆಬ್ಬೆರಳ ಒತ್ತಡ ಅಳೆಯುವ ಸೌಲಭ್ಯ ಇದ್ದರೆ ಅದೇ ಹೆಚ್ಚು ನಂಬಿಕೆಯದು, ಬೆರಳಿನ ನಾಳಕ್ಕೆ ಸುಣ್ಣ ಕಟ್ಟುವುದು ಕಡಿಮೆ. ಬೆರಳಲ್ಲಿ 30 ಮಿ.ಮೀ.ಗಿಂತ ಕಡಿಮೆ ಅಥವಾ ಗುಲ್ಫದಲ್ಲಿ 50ಕ್ಕಿಂತ ಕಡಿಮೆ ಬಂದರೆ ವ್ಯಾಸ್ಕುಲರ್ ಸರ್ಜನ್‌ಗೆ ತಡಮಾಡದೆ ಕಳಿಸಿ.

ಇಂಟರ್ನ್, ಬಳ್ಳಾರಿ

ಗಾಯ ಒಂದು ಬೆಡ್‌ಸೋರಾ, ಡಯಾಬಿಟಿಕ್ ಫೂಟಾ, ಯಾವುದು ಅಂತ ಕೊನೆಗೂ ಯಾರೂ ಹೇಳಲಿಲ್ಲ.

ಐಸಿಯು ನರ್ಸ್, ಬಳ್ಳಾರಿ

ಹಿಮ್ಮಡಿಯ ಹಿಂಭಾಗ, ಹಾಸಿಗೆಗೆ ತಾಗುವ ಜಾಗ, ನಡೆದಾಡದ ವ್ಯಕ್ತಿ. ನನ್ನ ಮಟ್ಟಿಗೆ ಪ್ರೆಶರ್ ಇಂಜುರಿ. ಶುಗರ್ ಇದೆ ಅನ್ನುವ ಒಂದೇ ಕಾರಣಕ್ಕೆ ಡಯಾಬಿಟಿಕ್ ಫೂಟ್ ಅಂತ ಬರೆದರೆ ಹಿಮ್ಮಡಿ ಎತ್ತಿಡುವ ಕೆಲಸ ಯಾರೂ ಮಾಡುವುದಿಲ್ಲ, ಡ್ರೆಸ್ಸಿಂಗ್ ಮಾತ್ರ ನಡೆಯುತ್ತದೆ.

ಸರ್ಜನ್, ಬಳ್ಳಾರಿ

ಬೆಡ್‌ಸೋರ್ ಅಂತ ಮಾತ್ರ ಬರೆದರೆ ನಾಡಿ ಯಾರೂ ಮುಟ್ಟುವುದಿಲ್ಲ ಸಿಸ್ಟರ್, ಅದೂ ಅಷ್ಟೇ ನಿಜ. ಹಾಗಾಗಿ ಎರಡನ್ನೂ ಬರೆಯೋಣ ಅನ್ನುವವನು ನಾನು. ಕಾರಣ ಒತ್ತಡ, ಸ್ಟೇಜ್ ಅನ್‌ಸ್ಟೇಜಬಲ್. ಜತೆಗೆ ಸಿನ್‌ಬ್ಯಾಡ್.

ಸಿನ್‌ಬ್ಯಾಡ್ ಅಂದರೆ ಆರು ಪ್ರಶ್ನೆ, ಒಂದೊಂದಕ್ಕೆ 0 ಅಥವಾ 1. ಜಾಗ ಪಾದದ ಮುಂಭಾಗವಾದರೆ 0, ನಡು ಅಥವಾ ಹಿಂಭಾಗವಾದರೆ 1. ಒಂದು ನಾಡಿಯಾದರೂ ಸಿಕ್ಕರೆ 0, ಹರಿವು ಕಡಿಮೆಯಾಗಿದ್ದರೆ 1. ಸ್ಪರ್ಶ ಹೋಗಿದ್ದರೆ 1. ಸೋಂಕಿದ್ದರೆ 1. ವಿಸ್ತೀರ್ಣ 1 ಚದರ ಸೆಂ.ಮೀ. ಅಥವಾ ಹೆಚ್ಚಿದ್ದರೆ 1. ಸ್ನಾಯು, ಟೆಂಡನ್ ಅಥವಾ ಇನ್ನೂ ಆಳಕ್ಕೆ ಹೋಗಿದ್ದರೆ 1. ಯಂತ್ರ ಏನೂ ಬೇಡ, ಪಿಎಚ್‌ಸಿಯಲ್ಲೂ ಆಗುತ್ತದೆ. ವೈದ್ಯರ ನಡುವೆ ವಿಷಯ ತಿಳಿಸಲು ಅಂತರರಾಷ್ಟ್ರೀಯ ಗುಂಪಿನ 2023ರ ಮಾರ್ಗಸೂಚಿ ಹೇಳುವುದೂ ಇದನ್ನೇ.

ಈಗ ಹಾಕಿ ನೋಡಿ. ಗಾಯ ಒಂದು: ಜಾಗ 1, ಹರಿವು 1, ಸ್ಪರ್ಶ 1, ಸೋಂಕು 0, ವಿಸ್ತೀರ್ಣ 1, ಆಳ ಕಾಣುವುದಿಲ್ಲ. ಕನಿಷ್ಠ 4. ಗಾಯ ಎರಡು: ಜಾಗ 0, ಹರಿವು 0, ಸ್ಪರ್ಶ 1, ಸೋಂಕು 1, ವಿಸ್ತೀರ್ಣ 1, ಆಳ 1. ಇದೂ 4. ಮೊದಲನೆಯದನ್ನು ಮುಟ್ಟದೆ ಒಣಗಿಸಿಟ್ಟು ರಕ್ತನಾಳ ನೋಡಬೇಕು, ಎರಡನೆಯದನ್ನು ಬಿಚ್ಚಿ ಕೀವು ಹರಿಯಬಿಡಬೇಕು. ಆದ್ದರಿಂದ ಒಟ್ಟು ಅಂಕ ಮಾತ್ರ ಬರೆದರೆ ಮತ್ತೆ ‘ಗ್ರೇಡ್ 3’ ಕಥೆಯೇ ಆಗುತ್ತದೆ. ಆರೂ ಉತ್ತರ ಬಿಡಿಬಿಡಿಯಾಗಿ ಬರೆಯಿರಿ. ಗಾಯ ಎರಡು ವ್ಯಾಗ್ನರ್‌ನಲ್ಲಿ 3, ಟೆಕ್ಸಾಸ್‌ನಲ್ಲಿ 3ಬಿ, ಬಿ ಅಂದರೆ ಸೋಂಕಿದೆ.

ಐಸಿಯು ನರ್ಸ್, ಬಳ್ಳಾರಿ

ಎರಡನ್ನೂ ಬರೆಯುವುದಕ್ಕೆ ಒಪ್ಪುತ್ತೇನೆ ಸರ್, ಕಾರಣ ಮೊದಲ ಸಾಲಿನಲ್ಲಿ ಇರುವುದಾದರೆ.

ಸಿಎಚ್‌ಒ, ಕಾರಟಗಿ ಕಡೆ

ಹಿಮ್ಮಡಿ ಎತ್ತೋದು ಅಂದ್ರಲ್ಲ ಸಿಸ್ಟರ್, ಮನಿಯಾಗ ನೀರು ತುಂಬಿದ ಗ್ಲೌಸ್ ಹಿಮ್ಮಡಿ ಕೆಳಗ ಇಡ್ತಾರ್ರಿ. ಟೊಂಕಕ್ಕ ಗಾಳಿ ರಿಂಗ್ ಇಡ್ತಾರ.

ಐಸಿಯು ನರ್ಸ್, ಬಳ್ಳಾರಿ

ಎರಡೂ ಬೇಡ. ರಿಂಗಿನ ಅಂಚು ಸುತ್ತಲಿನ ರಕ್ತ ಹರಿವನ್ನೇ ಒತ್ತಿ ಹಿಡಿಯುತ್ತದೆ, ನಡುವಿನ ಚರ್ಮ ಊದಿಕೊಳ್ಳುತ್ತದೆ. ಗ್ಲೌಸ್ ಜಾರಿಹೋಗುತ್ತದೆ. ಮೀನಖಂಡದ ಉದ್ದಕ್ಕೂ ದಿಂಬು ಇಟ್ಟು, ಮೊಣಕಾಲು ಸ್ವಲ್ಪ ಮಡಿಸಿ, ಹಿಮ್ಮಡಿ ಗಾಳಿಯಲ್ಲಿ ತೇಲಬೇಕು. ಅಡಿಯಲ್ಲಿ ಒಂದು ಹಾಳೆ ಸರಾಗವಾಗಿ ಹಾಯುವಂತಿರಲಿ. ಮಗ್ಗುಲಿಗೆ 90 ಡಿಗ್ರಿ ತಿರುಗಿಸಿದರೆ ಭಾರವೆಲ್ಲ ಚಪ್ಪೆ ಮೂಳೆಯ ಮೇಲೆ; 30 ಡಿಗ್ರಿ ಓರೆ ಸಾಕು. ತಲೆಕಡೆ 30 ಡಿಗ್ರಿಗಿಂತ ಎತ್ತಿದರೆ ಮೈ ಜಾರುತ್ತದೆ, ಮೂಳೆ ಕೆಳಗೆ ಹೋಗುತ್ತದೆ, ಚರ್ಮ ಅಲ್ಲೇ ಅಂಟಿ ನಿಲ್ಲುತ್ತದೆ. ಹೊರಸಿನ ಮೇಲೆ ಮಲಗಿಸಿದ್ದರೆ ನಡುವೆ ಕುಸಿದಿದೆಯಾ ನೋಡಿ, ಹಗ್ಗ ಬಿಗಿ ಮಾಡಿಸಿ.

ವಾರ್ಡ್ ಸಿಸ್ಟರ್, ರಾಯಚೂರು

ಮೇಲಿನದೆಲ್ಲ ಸೇರಿಸಿ ಚೀಟಿಯ ಕರಡು ಹಾಕುತ್ತಿದ್ದೇನೆ, ಗಾಯ ಎರಡಕ್ಕೆ:

“ಬಲ ಅಂಗಾಲು, ಒಂದನೇ ಬೆರಳ ಬುಡ. ಕಾರಣ: ಸ್ಪರ್ಶ ನಷ್ಟ, ಆಣಿ. ಉದ್ದ 1.8, ಅಗಲ 1.2, ಆಳ 1.4 ಸೆಂ.ಮೀ. ಒಳಗೆ ಕೊರೆದದ್ದು 2ರಿಂದ 4 ಗಂಟೆ ದಿಕ್ಕಿನಲ್ಲಿ 0.8 ಸೆಂ.ಮೀ. ತಳ: ಮುಕ್ಕಾಲು ಕೆಂಪು, ಕಾಲು ಭಾಗ ಸ್ಲಫ್. ಕೀವು ಇದೆ. ಪ್ರೋಬ್ ಮೂಳೆಗೆ ತಾಗುತ್ತದೆ. ಕೆಂಪು 1 ಸೆಂ.ಮೀ. ನಾಡಿ ಎರಡೂ ಸಿಗುತ್ತವೆ. ಜ್ವರ 37.4, ನಾಡಿಬಡಿತ 84, ಉಸಿರು 16. ಸಿನ್‌ಬ್ಯಾಡ್ 0‑0‑1‑1‑1‑1. ಸೋಂಕು 3(ಓ). ವ್ಯಾಗ್ನರ್ 3.”

ಆಳಕ್ಕೆ ಸಲೈನ್‌ನಲ್ಲಿ ಅದ್ದಿದ ಸ್ಟೆರೈಲ್ ಹತ್ತಿಕಡ್ಡಿ ನೇರ ಇಳಿಸಿ, ಚರ್ಮದ ಮಟ್ಟದಲ್ಲಿ ಬೆರಳಲ್ಲಿ ಹಿಡಿದು ಸ್ಕೇಲ್ ಪಕ್ಕ ಇಟ್ಟು ಓದುವುದು. ಏನಾದರೂ ಬಿಟ್ಟಿದ್ದರೆ ಹೇಳಿ.

ಫಿಸಿಯೋ, ಸಿಂಧನೂರು

ಗಂಟೆ ದಿಕ್ಕಿಗೆ 12 ಎಲ್ಲಿ ಅಂತ ಬರೆಯಿರಿ. ಬೆನ್ನಿನ ಗಾಯಕ್ಕೆ ತಲೆಕಡೆ 12, ಅದರಲ್ಲಿ ಗೊಂದಲ ಇಲ್ಲ. ಪಾದದಲ್ಲಿ ಹಿಮ್ಮಡಿ 12, ಬೆರಳು 6. ಕೆಲವರು ತಿರುವುಮುರುವು ಹಿಡಿಯುತ್ತಾರೆ.

ಸರ್ಜನ್, ಬಳ್ಳಾರಿ

ತಾರೀಖು, ಮತ್ತು ಅಳತೆ ಆಣಿ ಹೆರೆಯುವ ಮುಂಚಿನದೋ ಆಮೇಲಿನದೋ ಅನ್ನುವುದು. ಅದಿಲ್ಲದಿದ್ದರೆ ಮುಂದಿನ ವಾರ ನೋಡುವವರು ‘0.3 ಇದ್ದದ್ದು 1.8 ಆಗಿದೆ, ಗಾಯ ಕೆಟ್ಟಿದೆ’ ಅಂದುಕೊಳ್ಳುತ್ತಾರೆ. 4 ವಾರಕ್ಕೆ ವಿಸ್ತೀರ್ಣ ಅರ್ಧವಾದರೂ ಆಗಬೇಕು, ಆಗದಿದ್ದರೆ ಒತ್ತಡ, ರಕ್ತ, ಸೋಂಕು ಮೂರನ್ನೂ ಮೊದಲಿಂದ ನೋಡಬೇಕು. ಆ ಹೋಲಿಕೆಗೆ ಮೊದಲ ಅಳತೆ ಸರಿ ಇರಬೇಕಲ್ಲ.

ವಾರ್ಡ್ ಸಿಸ್ಟರ್, ರಾಯಚೂರು

ಸೇರಿಸಿದೆ ಸರ್: “ಆಣಿ ಹೆರೆದ ಮೇಲಿನ ಅಳತೆ. ಹಿಮ್ಮಡಿ = 12.” ತಾರೀಖಿಗೆ ಮೊದಲ ಸಾಲಲ್ಲೇ ಜಾಗ ಬಿಟ್ಟಿದ್ದೇನೆ.